ಗೆಟ್ಟಿಸ್‌ಬರ್ಗ್ ಪಹಣಿ ಯಾರ ಹೆಸರಲ್ಲಿದೆ?

ಅಪ್ಪ ದಾವಣಗೆರೆಯಿಂದ ಬಂದು ಮೂರು ವಾರವಾಗಿತ್ತು. ಮಾಲ್ ಸುತ್ತಿ ಅವರಿಗೂ ಬೇಜಾರು, ನನಗೂ ಬೇಜಾರು. ಶನಿವಾರ ಕಾರು ಹತ್ತಿಸಿಕೊಂಡು ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ಗೆ ಹೋದೆ. 1863ರ ಜುಲೈ 1ರಿಂದ 3ರವರೆಗೆ ಅಮೆರಿಕದ ಅಂತರ್ಯುದ್ಧದ ದೊಡ್ಡ ಕಾಳಗ ನಡೆದದ್ದು ಇಲ್ಲೇ. ಈಗ ಪಾರ್ಕ್. ಸಾಲು ಫಿರಂಗಿ, ಸಾವಿರಕ್ಕೂ ಜಾಸ್ತಿ ಸ್ಮಾರಕ.

ಅಪ್ಪನ ಕಣ್ಣು ಮಾತ್ರ ಬೇಲಿಯಾಚೆಯ ಮೆಕ್ಕೆಜೋಳದ ಮೇಲೆ. ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. "ಪಾರ್ಕ್ ಅಂತೀಯ, ಉತ್ತು ಬಿತ್ತಿದ್ದಾರಲ್ಲೋ. ಪಹಣಿ ಯಾರ ಹೆಸರಲ್ಲಿದೆ?"

ಸರ್ಕಾರದ್ದೇ ಅಂದೆ. ಹೊಲ ಹೊಲವಾಗಿಯೇ ಕಾಣಲಿ ಅಂತ ಪಾರ್ಕಿನವರೇ ರೈತರಿಗೆ ಗುತ್ತಿಗೆ ಕೊಡುತ್ತಾರೆ. ಅಷ್ಟಕ್ಕೆ ಬಿಡುವವರಲ್ಲ ಅಪ್ಪ. ಸರ್ಕಾರಕ್ಕೆ ಬರೆದುಕೊಟ್ಟವರು ಯಾರು?

1864ರಲ್ಲೇ ಒಂದು ಸ್ಮಾರಕ ಸಂಘ ಹುಟ್ಟಿತ್ತು. ಅದು ತುಂಡು ತುಂಡಾಗಿ ಜಮೀನು ಕೊಳ್ಳುತ್ತಾ ಬಂತು. 1895ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿತು: ಸಂಘದ ಸುಮಾರು 800 ಎಕರೆಯನ್ನು ಯುದ್ಧ ಇಲಾಖೆ ಬರೆಸಿಕೊಳ್ಳಬಹುದು. ಜಮೀನಿಗೆ ಅಂತ ಬೆಲೆ ಇಲ್ಲ. ಸಂಘದ ಸಾಲ ತೀರಿಸಲು ಬೇಕಾದಷ್ಟು, ಹೆಚ್ಚೆಂದರೆ 2,000 ಡಾಲರ್.

"ಋಣಭಾರ ಕಳೆದು ಬರೆಸ್ಕೊಂಡ್ರು ಅನ್ನು," ಅಪ್ಪ ತಲೆಯಾಡಿಸಿದರು.

ಉಳಿದ ಜಮೀನು ಅಷ್ಟು ಸುಲಭಕ್ಕೆ ಸಿಗಲಿಲ್ಲ. ವಿದ್ಯುತ್ ಟ್ರಾಮ್ ಓಡಿಸುವ ಒಂದು ಟ್ರಾಲಿ ಕಂಪನಿ ರಣರಂಗದಲ್ಲೇ ಹಳಿ ಹಾಕಿತ್ತು. ಸರ್ಕಾರ ಭೂಸ್ವಾಧೀನಕ್ಕೆ ಹೊರಟಾಗ, ಕಾಳಗದ ಜಾಗ ಕಾಪಾಡುವುದು ಸಾರ್ವಜನಿಕ ಉಪಯೋಗವೇ ಅಲ್ಲ ಅನ್ನೋ ವಾದ ಬಂತು. 1896ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ತಮಾಷೆ ಅಂದರೆ, ಟ್ರಾಲಿ ಆಮೇಲೂ ವರ್ಷಗಟ್ಟಲೆ ಓಡಿತು. ಕೋರ್ಟಲ್ಲಿ ಗೆದ್ದರೂ ಜಮೀನು ಕೈಗೆ ಬರೋದು ನಿಧಾನ. ಅದು ನಮ್ಮೂರಲ್ಲೂ ಹಾಗೇ ಅಲ್ವಾ?

ನನಗೆ ಹಿಡಿಸಿದ್ದು 1895ರ ಕಾನೂನಿನ ಇನ್ನೊಂದು ಷರತ್ತು. ರಾಜ್ಯಗಳು, ಸೇನಾ ಸಂಘಟನೆಗಳು ಆಗಲೇ ಸ್ಮಾರಕ ನಿಲ್ಲಿಸಿದ್ದವು. ಆ ಕಲ್ಲುಗಳ ಕೆಳಗಿನ ನೆಲದ ಮೇಲೆ ಅವುಗಳಿಗಿದ್ದ ಹಕ್ಕಿಗೆ ಧಕ್ಕೆ ಬರಬಾರದು ಅಂತ ಬರೆದಿದ್ದಾರೆ. ಅಂದರೆ ಇಷ್ಟು ದೊಡ್ಡ ಪಾರ್ಕಿನ ನಡುವೆ ಪುಟ್ಟ ಪುಟ್ಟ ಚೌಕಗಳಿಗೆ ಬೇರೆ ಹಕ್ಕುದಾರರು!

ಅಪ್ಪ ಒಂದು ಸ್ಮಾರಕದ ಮುಂದೆ ನಿಂತು, ಸುತ್ತಲಿನ ಹುಲ್ಲನ್ನು ಹೆಜ್ಜೆಯಲ್ಲೇ ಅಳೆದರು. "ಕಲ್ಲು ಅವರದ್ದು, ನೆಲ ಅವರದ್ದು. ಅಲ್ಲಿಗೆ ಹೋಗೋಕೆ ದಾರಿ?"

"ಅದನ್ನೂ ಬರೆದಿದ್ದಾರೆ ಅಪ್ಪಾ. ದಾರಿ ಹಕ್ಕೂ ಅವರಿಗೇ."

"ಹಂಗಾದ್ರೆ ಪತ್ರ ಸರಿಯಾಗೇ ಬರೆದಿದ್ದಾರೆ ಬಿಡು," ಅಂದವರೇ ಬುತ್ತಿ ಬಿಚ್ಚಲು ಮರದ ನೆರಳು ಹುಡುಕಿ ಹೊರಟರು.