ಇನ್ನೂರರವತ್ತು, ಮುನ್ನೂರೈದು

ವಿಚಿಟಾಗೆ ಬಂದು ಮೂರನೇ ರಾತ್ರಿ. ಗಂಟೆ ಹನ್ನೊಂದು ದಾಟಿದೆ. ಹೋಟೆಲ್ ಕೋಣೆಯ ಕನ್ನಡಿ, ಟಿವಿ, ಬಚ್ಚಲಮನೆ ಬಾಗಿಲು, ಎಲ್ಲ ಕಡೆ ಹಳದಿ ಚೀಟಿ ಅಂಟಿಸಿದ್ದೇನೆ. ಒಂದೊಂದರ ಮೇಲೆ ಒಂದೊಂದು ಅಂಕಿ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಮಗ್ಗಿ ಒಪ್ಪಿಸುವ ಹಾಗೆ ಗುನುಗುತ್ತಿದ್ದೇನೆ. ಇನ್ನೂರರವತ್ತು, ಮುನ್ನೂರೈದು, ಪಾಯಿಂಟ್ ಎಪ್ಪತ್ತೈದು, ನಲವತ್ತೈದು ಸಾವಿರ. ಪಕ್ಕದ ಕೋಣೆಯಿಂದಲೂ ಗುನುಗು ಕೇಳಿಸುತ್ತಿದೆ. ಅಲ್ಲಿರುವುದು ನನ್ನ ಜೊತೆ ತರಬೇತಿಗೆ ಬಂದ ಬ್ರೆಜಿಲ್‌ನ ಪೈಲಟ್. ಅವನದು ಪೋರ್ಚುಗೀಸ್ ಮಗ್ಗಿ. ಅಂಕಿಗಳು ಮಾತ್ರ ಅವೇ.

ಇವು ಸೆಸ್ನಾ ಸೈಟೇಶನ್ ಎಕ್ಸ್‌ಎಲ್‌ಎಸ್ ಎಂಬ ಬಿಸಿನೆಸ್ ಜೆಟ್‌ನ ಆಪರೇಟಿಂಗ್ ಲಿಮಿಟೇಶನ್‌ಗಳು. ಅಂದರೆ ಈ ವಿಮಾನವನ್ನು ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ಭಾರದವರೆಗೆ ಹಾರಿಸಬಹುದು ಎಂಬ ಗೆರೆಗಳು. ವಿಮಾನದ ಕೈಪಿಡಿಯಲ್ಲಿ ಇದಕ್ಕೇ ಒಂದು ಅಧ್ಯಾಯ ಇರುತ್ತದೆ. ಅದನ್ನು ಮೀರಿದರೆ ಕಾನೂನನ್ನೇ ಮೀರಿದ ಹಾಗೆ. ಅಮೆರಿಕದಲ್ಲಿ ಯಾವ ಜೆಟ್ ಹಾರಿಸಬೇಕಾದರೂ ಆ ಮಾದರಿಗೆ ಅಂತಲೇ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ಇಷ್ಟು ವರ್ಷ ಪ್ರೊಪೆಲರ್ ವಿಮಾನ ಹಾರಿಸಿದ್ದೇನೆ ಎಂಬ ಜಂಬ ಇಲ್ಲಿ ನಡೆಯುವುದಿಲ್ಲ. ನನ್ನಂಥ ಪರದೇಶಿಗಂತೂ ಕ್ಲಾಸಿಗೆ ಕೂರುವ ಮೊದಲೇ ಬೆರಳಚ್ಚು ಕೊಟ್ಟು, ಭದ್ರತಾ ಇಲಾಖೆಯ ಒಪ್ಪಿಗೆಗೆ ಕಾಯುವ ಕೆಲಸ ಬೇರೆ. 2001ರ ಸೆಪ್ಟೆಂಬರ್ 11ರ ನಂತರ ಬಂದ ನಿಯಮ ಅದು.

ವಿಚಿಟಾ ಇರುವುದು ಅಮೆರಿಕದ ನಟ್ಟನಡುವೆ, ಕನ್ಸಾಸ್ ರಾಜ್ಯದಲ್ಲಿ. ಎತ್ತ ನೋಡಿದರೂ ಚಪ್ಪಟೆ ನೆಲ, ಮೇಲೆ ಬಿಡದೆ ಬೀಸುವ ಗಾಳಿ. ಸೆಸ್ನಾ, ಬೀಚ್‌ಕ್ರಾಫ್ಟ್, ಲಿಯರ್‌ಜೆಟ್ ಮೂರೂ ಬೆಳೆದದ್ದು ಇದೇ ಊರಲ್ಲಿ. ನಾನು ಕಲಿಯಲು ಬಂದ ವಿಮಾನವೂ ಇಲ್ಲೇ ತಯಾರಾದದ್ದು. ಆದರೆ ತರಬೇತಿಯ ಎರಡು ವಾರದಲ್ಲಿ ನಾನು ನಿಜವಾದ ವಿಮಾನ ಮುಟ್ಟಲೇ ಇಲ್ಲ. ಎಲ್ಲ ಸಿಮ್ಯುಲೇಟರ್‌ನಲ್ಲೇ. ಪರೀಕ್ಷೆಯೂ ಅದರಲ್ಲೇ.

ಮೊದಲ ದಿನ ಮೇಷ್ಟ್ರು ಎರಡು ಬದಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. "ಇದು ಬಾಯಿಗೆ ಬರಬೇಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ" ಅಂದರು. ಸರಿ, ಬಾಯಿಪಾಠ ತಾನೇ ಅಂದುಕೊಂಡೆ. ಮೂರು ದಿನದಲ್ಲಿ ಹಾಳೆ ಪೂರ್ತಿ ಬಂತು. ನಾಲ್ಕನೇ ದಿನ ಅವರು ಹಾಳೆಯ ಕ್ರಮ ಬಿಟ್ಟು ನಡುವಿನಿಂದ ಒಂದು ಕೇಳಿದರು. ನಾನು ಕಲ್ಲಾದೆ. ಮೊದಲಿಂದ ಶುರು ಮಾಡಿದರೆ ಮಾತ್ರ ಬರುತ್ತಿತ್ತು!

ಇನ್ನೊಂದು ತೊಡಕೂ ಇತ್ತು. ನನ್ನ ತಲೆ ಎಣಿಸುವುದು ಕನ್ನಡದಲ್ಲಿ. ಮಾತು, ರೇಡಿಯೋ, ಕನಸು ಕೂಡ ಇಂಗ್ಲಿಷಿಗೆ ಹೊರಳಿವೆ. ಆದರೆ ಅಂಕಿ ಹೊರಳಿಲ್ಲ. ಅವರು ಕೇಳಿದ ಕೂಡಲೇ ನನ್ನೊಳಗೆ "ಇನ್ನೂರರವತ್ತು" ಏಳುತ್ತದೆ. ಅದನ್ನು "ಟೂ ಸಿಕ್ಸ್ ಝೀರೋ" ಎಂದು ಒಡೆದು ಹೊರಗೆ ಹಾಕುವಷ್ಟರಲ್ಲಿ ಒಂದು ಕ್ಷಣ ಹೋಗುತ್ತದೆ. ಆ ಕ್ಷಣ ಎದುರಿನವರಿಗೆ ಅನುಮಾನದಂತೆ ಕಾಣುತ್ತದೆ. ಒಂದು ಲಾಭವೂ ಇದೆ, ಹೇಳಿಬಿಡುತ್ತೇನೆ. ಗದ್ದಲದಲ್ಲಿ "ಫಿಫ್ಟೀನ್" ಯಾವುದು, "ಫಿಫ್ಟಿ" ಯಾವುದು ಎಂದು ಕಿವಿ ತಡಬಡಾಯಿಸುತ್ತದೆ. ಹದಿನೈದು ಮತ್ತು ಐವತ್ತಕ್ಕೆ ಆ ಕಾಟ ಇಲ್ಲ.

ನಾನು ದಾರಿಗೆ ಬಂದದ್ದು ಒಂದು ಹಕ್ಕಿಯಿಂದ.

ಎಕ್ಸ್‌ಎಲ್‌ಎಸ್‌ನಲ್ಲಿ 8,000 ಅಡಿಗಿಂತ ಕೆಳಗೆ ಗರಿಷ್ಠ ವೇಗ 260 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್). ಅದರ ಮೇಲೆ 305. ಮೇಲೆ ಹೋದರೆ ಗಾಳಿ ತೆಳು, ಅದಕ್ಕೇ ಜಾಸ್ತಿ ಬಿಟ್ಟಿರಬೇಕು ಅಂತ ನಾನೇ ಒಂದು ಕಾರಣ ಕಟ್ಟಿಕೊಂಡಿದ್ದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. "ಅದು ಗಾಳಿಗಲ್ಲ, ಹಕ್ಕಿಗೆ." ನಿಯಮದ ಪ್ರಕಾರ 4 ಪೌಂಡ್ ತೂಕದ ಹಕ್ಕಿ ಬಂದು ಬಡಿದರೂ ಮುಂದಿನ ಗಾಜು ತೂತಾಗಬಾರದು. ಹಕ್ಕಿಗಳು ಜಾಸ್ತಿ ಇರುವುದು ಕೆಳಗೆ. ಅಲ್ಲಿ ವೇಗ ಕಟ್ಟಿಹಾಕಿದರೆ ಗಾಜು ವಿಪರೀತ ದಪ್ಪ, ಭಾರ ಮಾಡಬೇಕಾಗಿಲ್ಲ. ಮೇಲೆ ಹೋದ ಮೇಲೆ ಓಡು, ಯಾರು ಬೇಡ ಅಂದರು?

ಆದರೂ ನನಗೊಂದು ತಕರಾರಿತ್ತು. ಅಮೆರಿಕದಲ್ಲಿ 10,000 ಅಡಿಗಿಂತ ಕೆಳಗೆ ಯಾರೂ 250 ನಾಟ್ ದಾಟುವ ಹಾಗಿಲ್ಲ. ಕಾನೂನೇ ಇದೆ. ಹಾಗಿದ್ದ ಮೇಲೆ 260 ಯಾಕೆ ನೆನಪಿಡಬೇಕು? "ಆ 250 ಇರುವುದು ಬೇರೆ ವಿಮಾನಗಳಿಗೆ ಡಿಕ್ಕಿಯಾಗದಿರಲಿ ಅಂತ. ಬೇರೆ ದೇಶಕ್ಕೆ ಹೋದರೆ ಆ ನಿಯಮ ಬೇರೆ ಇರಬಹುದು. ಹಕ್ಕಿ ಎಲ್ಲ ಕಡೆ ಹಕ್ಕಿಯೇ. ಗಾಜೂ ಅದೇ" ಅಂದರು. ಆ ಹೊತ್ತಿನಿಂದ 260 ನನಗೆ ಮರೆತಿಲ್ಲ.

ಅವತ್ತು ರಾತ್ರಿ ಕೋಣೆಗೆ ಹೋಗಿ ಚೀಟಿಗಳನ್ನೆಲ್ಲ ಕಿತ್ತೆ. ಹಾಳೆಯ ಕ್ರಮ ಬಿಟ್ಟು, ಯಾವ ಅಂಕಿ ಯಾವುದನ್ನು ಕಾಯುತ್ತಿದೆ ಎಂದು ನೋಡಿ ಮತ್ತೆ ಅಂಟಿಸಿದೆ. ಗಾಜನ್ನು ಕಾಯುವವು ಕಿಟಕಿ ಮೇಲೆ. ರೆಕ್ಕೆ ಕಾಯುವವು ಬಾಗಿಲ ಮೇಲೆ. ಮನುಷ್ಯರ ಉಸಿರು ಕಾಯುವವು ದಿಂಬಿನ ಪಕ್ಕ.

ರೆಕ್ಕೆಯದು ನನಗೆ ಅತಿ ಇಷ್ಟವಾದ ಲೆಕ್ಕ. ಝೀರೋ ಫ್ಯುಯೆಲ್ ವೇಟ್ ಅಂತ ಒಂದು ಮಿತಿ ಇದೆ. ಎಕ್ಸ್‌ಎಲ್‌ಎಸ್‌ಗೆ 15,100 ಪೌಂಡ್. ವಿಮಾನ, ಪೈಲಟ್‌ಗಳು, ಪ್ರಯಾಣಿಕರು, ಸಾಮಾನು ಎಲ್ಲ ಸೇರಿ, ಇಂಧನ ಬಿಟ್ಟು, ಇಷ್ಟು ದಾಟಬಾರದು. ಟೇಕಾಫ್ ಮಿತಿ 20,200. ಮೊದಲ ಸಲ ಕೇಳಿದಾಗ ವಿಚಿತ್ರ ಅನ್ನಿಸಿತು. ಹೇಗೂ ಒಟ್ಟು 20,200ರವರೆಗೆ ಹೊರುವ ವಿಮಾನ, ಅದರಲ್ಲಿ ಇಂಧನ ಎಷ್ಟು, ಜನ ಎಷ್ಟು ಅಂತ ಅದಕ್ಕೇನು?

ಅದಕ್ಕೆ ಬಹಳ ಇದೆ. ಹಾರುವಾಗ ರೆಕ್ಕೆಗಳು ವಿಮಾನವನ್ನು ಮೇಲಕ್ಕೆ ಎತ್ತುತ್ತವೆ, ನಡುವಿನ ದೇಹ ಕೆಳಕ್ಕೆ ಜಗ್ಗುತ್ತದೆ. ಪೆಟ್ಟು ಬೀಳುವುದು ರೆಕ್ಕೆಯ ಬುಡಕ್ಕೆ. ಇಂಧನ ಇರುವುದು ರೆಕ್ಕೆಯೊಳಗೆ. ಅದರ ಭಾರ ರೆಕ್ಕೆಯನ್ನು ಅಲ್ಲೇ ಕೆಳಕ್ಕೆ ಒತ್ತಿ ಹಿಡಿದು ಬುಡದ ಬಾಗನ್ನು ಕಡಿಮೆ ಮಾಡುತ್ತದೆ. ದೇಹದಲ್ಲಿ ಕೂತ ಭಾರ ಬುಡವನ್ನು ಬಾಗಿಸುತ್ತದೆ. ಒಂದೇ ತೂಕ, ಕೂತ ಜಾಗ ಬೇರೆ, ಅಷ್ಟೇ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. 20,200ರಲ್ಲಿ 15,100 ಕಳೆಯಿರಿ. ಕ್ಯಾಬಿನ್ ಮಿತಿಯವರೆಗೆ ತುಂಬಿದರೆ ಟೇಕಾಫ್ ಹೊತ್ತಿಗೆ 5,100 ಪೌಂಡ್ ಇಂಧನಕ್ಕೆ ಮಾತ್ರ ಜಾಗ. ಟ್ಯಾಂಕಿಗೆ ಸುಮಾರು 6,700 ಹಿಡಿಯುತ್ತದೆ. ಜನವೂ ಪೂರ್ತಿ, ಟ್ಯಾಂಕೂ ಪೂರ್ತಿ ಅಂದರೆ ಆಗುವುದಿಲ್ಲ. ಖಾಸಗಿ ಜೆಟ್ ಅಂದರೆ ಬೇಕಾದಷ್ಟು ಜನ ಹತ್ತಿ, ಬೇಕಾದಲ್ಲಿಗೆ ಹಾರುವುದು ಅಂತ ಅಂದುಕೊಂಡಿದ್ದೆ. ಇಲ್ಲಿ ಮಾಲೀಕರಿಗೂ ತೂಕದ ಹಾಳೆಯೇ ದೊಡ್ಡದು.

ಇಳಿಯುವ ಮಿತಿ 18,700. ಟೇಕಾಫ್ ಮಿತಿಗಿಂತ 1,500 ಪೌಂಡ್ ಕಡಿಮೆ. ಪೂರ್ತಿ ಭಾರದಲ್ಲಿ ಎದ್ದ ಐದು ನಿಮಿಷಕ್ಕೆ ಏನೋ ಕೆಟ್ಟು ವಾಪಸ್ ಬರಬೇಕಾದರೆ? ಇಂಧನ ಹೊರಗೆ ಸುರಿಯುವ ವ್ಯವಸ್ಥೆ ಈ ವಿಮಾನದಲ್ಲಿಲ್ಲ. ಸಣ್ಣ ತೊಂದರೆ ಆದರೆ ಸುತ್ತು ಹೊಡೆದು ಇಂಧನ ಸುಡಬೇಕು. ಬೆಂಕಿಯಂಥದ್ದಾದರೆ ಭಾರದಲ್ಲೇ ಇಳಿದು, ಆಮೇಲೆ ವಿಮಾನವನ್ನು ತಪಾಸಣೆಗೆ ಕೊಡಬೇಕು. ಮಿತಿ ಗೊತ್ತಿದ್ದರೆ ಸಾಲದು, ಯಾವಾಗ ಬೇಕೆಂದೇ ದಾಟಬೇಕು ಅನ್ನುವುದೂ ಗೊತ್ತಿರಬೇಕು ಎಂದು ಮೇಷ್ಟ್ರು ಅವತ್ತು ಪೂರ್ತಿ ಅದನ್ನೇ ಮಾಡಿಸಿದರು.

ಅಳತೆಗಳದ್ದಂತೂ ಸಂತೆ. ಎತ್ತರ ಅಡಿಯಲ್ಲಿ, ತೂಕ ಪೌಂಡಿನಲ್ಲಿ, ದೂರ ನಾಟಿಕಲ್ ಮೈಲಿಯಲ್ಲಿ. ದೃಷ್ಟಿ ಎಷ್ಟು ದೂರ ಹಾಯುತ್ತದೆ ಅನ್ನುವುದು ಮಾತ್ರ ಮಾಮೂಲಿ ಮೈಲಿಯಲ್ಲಿ. ಉಷ್ಣಾಂಶ ಸೆಲ್ಸಿಯಸ್. ಇದೊಂದೇ ನನ್ನ ನೆಂಟ. ಇಂಧನದ ಲಾರಿಯವನು ಗ್ಯಾಲನ್ ಕೇಳುತ್ತಾನೆ, ಕಾಕ್‌ಪಿಟ್ ಪೌಂಡ್ ತೋರಿಸುತ್ತದೆ. ಗ್ಯಾಲನ್‌ಗೆ 6.7 ಪೌಂಡ್ ಅಂತ ಗುಣಿಸಿಕೊಳ್ಳಬೇಕು. 300 ಗ್ಯಾಲನ್ ಅಂದರೆ ಸುಮಾರು 2,000 ಪೌಂಡ್. ಬ್ರೆಜಿಲ್‌ನವನು ಅದನ್ನೆಲ್ಲ ಮತ್ತೆ ಕಿಲೋಗೆ ತಿರುಗಿಸಿ ನೋಡದೆ ಸಮಾಧಾನಪಡುತ್ತಿರಲಿಲ್ಲ. ಇಬ್ಬರೂ ಎರಡೆರಡು ಸಲ ಲೆಕ್ಕ ಮಾಡುತ್ತಿದ್ದೆವು. ಹಾಗಾಗಿ ನಮ್ಮ ಲೆಕ್ಕ ತಪ್ಪಿದ್ದೂ ಕಡಿಮೆ.

ಇನ್ನು ದಿಂಬಿನ ಪಕ್ಕದ ಚೀಟಿಗಳು. ಗರಿಷ್ಠ ಎತ್ತರ 45,000 ಅಡಿ. ಅಲ್ಲಿ ಕ್ಯಾಬಿನ್‌ನ ಗಾಳಿ ಹೊರಟುಹೋದರೆ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದು 9ರಿಂದ 15 ಸೆಕೆಂಡ್. ಆಮ್ಲಜನಕದ ಮುಖವಾಡ ಹಾಕಿಕೊಳ್ಳಲು ಒಂದೇ ಕೈಯಲ್ಲಿ 5 ಸೆಕೆಂಡ್ ಸಾಕಾಗಬೇಕು, ಅದೂ ಕನ್ನಡಕ ಅಲುಗದ ಹಾಗೆ ಎಂದು ನಿಯಮದಲ್ಲೇ ಬರೆದಿದೆ. ಕನ್ನಡಕ ಹಾಕುವ ನನಗೆ ಓದಿ ಖುಷಿಯಾಗಿತ್ತು. ಯಾರೋ ನನ್ನನ್ನು ನೆನೆದಿದ್ದಾರೆ ಅಂತ.

ಸಿಮ್ಯುಲೇಟರ್‌ನಲ್ಲಿ ಮೇಷ್ಟ್ರು ಹೇಳದೇ ಕೇಳದೇ ಒತ್ತಡ ತೆಗೆದರು. ಢಬ್ ಅಂತ ಸದ್ದು, ಕೆಂಪು ದೀಪ, ಗಂಟೆ. ನಾನು ಮುಖವಾಡ ಎಳೆದೆ, ಪಟ್ಟಿ ತಲೆ ಮೇಲೆ ಜಾರಿತು, ಕನ್ನಡಕ ಹೋಗಿ ಮಡಿಲಿಗೆ ಬಿತ್ತು. ಕನ್ನಡಕ ಹುಡುಕಲು ಬಗ್ಗಿದೆ. ಹಿಂದಿನಿಂದ ಸ್ಟಾಪ್‌ವಾಚ್ ಒತ್ತಿದ ಸದ್ದು. "14" ಅಂದರು. ಆಮೇಲೆ ಇನ್ನೇನೂ ಹೇಳಲಿಲ್ಲ. ನಿಯಮ ಬರೆದವರದೇನೂ ತಪ್ಪಿಲ್ಲ, ಕಲಿಯದ ಕೈ ನನ್ನದು.

ಕಾಫಿ ಬಿಡುವಿನಲ್ಲಿ ಅವರೇ 1999ರ ಅಕ್ಟೋಬರ್ 25ರ ವಿಷಯ ತೆಗೆದರು. ಗಾಲ್ಫ್ ಆಟಗಾರ ಪೇನ್ ಸ್ಟೀವರ್ಟ್ ಇದ್ದ ಲಿಯರ್‌ಜೆಟ್ 35 ಆರ್ಲ್ಯಾಂಡೊದಿಂದ ಡಲ್ಲಾಸ್‌ಗೆ ಹೊರಟಿತ್ತು. ಕ್ಯಾಬಿನ್‌ನ ಒತ್ತಡ ಹೋಗಿ ಆರೂ ಜನ ಪ್ರಜ್ಞೆ ತಪ್ಪಿದರು. ವಿಮಾನ ತನ್ನ ಪಾಡಿಗೆ ವಾಯವ್ಯಕ್ಕೆ ಹಾರುತ್ತಲೇ ಹೋಯಿತು. ಸುಮಾರು ನಾಲ್ಕು ಗಂಟೆಯ ಮೇಲೆ ಇಂಧನ ಮುಗಿದು ದಕ್ಷಿಣ ಡಕೋಟದ ಹೊಲದಲ್ಲಿ ಬಿತ್ತು. ಅವತ್ತು ಮಧ್ಯಾಹ್ನ ನಾನು ಖಾಲಿ ಸಿಮ್ಯುಲೇಟರ್‌ನಲ್ಲಿ ಕೂತು ಮುಖವಾಡ ಹಾಕುವುದು, ತೆಗೆಯುವುದು, ಅದನ್ನೇ ಮಾಡಿದೆ. ಕೊನೆಗೆ 4 ಸೆಕೆಂಡಿಗೆ ಬಂತು. ಕನ್ನಡಕ ಮೂಗಿನ ಮೇಲೇ ಇತ್ತು.

ಬಾಯಿ ಪರೀಕ್ಷೆಯ ದಿನ ಪರೀಕ್ಷಕರು ಮೊದಲ ಹತ್ತು ನಿಮಿಷ ಸುಮ್ನೆ ಅಂಕಿ ಕೇಳಿದರು. ಸರಸರ ಹೇಳಿದೆ. ಆಮೇಲೆ ಪೆನ್ನು ಕೆಳಗಿಟ್ಟು, "ನೀವು 45,000 ಅಡಿಯಲ್ಲಿದ್ದೀರಿ. ವೇಗದ ಮಾಪಕ 195 ತೋರಿಸುತ್ತಿದೆ. ಫ್ಲ್ಯಾಪ್ 15ರ ಮಿತಿ 200 ತಾನೇ? ಬಿಡಬಹುದಾ?" ಅಂದರು. ಫ್ಲ್ಯಾಪ್ ಅಂದರೆ ನಿಧಾನವಾಗಿ ಹಾರುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಿಡುವ ಪಟ್ಟಿ, 15 ಅಂದರೆ 15 ಡಿಗ್ರಿ.

ಬಾಯಿಪಾಠದ ಬಾಯಿ "ಹೂಂ" ಅನ್ನಲು ತೆರೆದೇಬಿಟ್ಟಿತ್ತು. ಅಷ್ಟರಲ್ಲಿ ಹೊಳೆಯಿತು. ಅಷ್ಟು ಎತ್ತರದಲ್ಲಿ ಗಾಳಿ ಎಷ್ಟು ತೆಳು ಅಂದರೆ ಶಬ್ದದ ವೇಗದ ಮುಕ್ಕಾಲು ಪಾಲು, ಅಂದರೆ ಸುಮಾರು 430 ನಾಟ್‌ನಲ್ಲಿ ಓಡುತ್ತಿದ್ದರೂ ಮಾಪಕ 200ರ ಹತ್ತಿರ ಇರುತ್ತದೆ. ಮಾಪಕ ತೋರಿಸುವುದು ಗಾಳಿಯ ಒತ್ತನ್ನು, ನಿಜವಾದ ವೇಗವನ್ನಲ್ಲ. ಅದಕ್ಕೇ ಸುಮಾರು 26,500 ಅಡಿಯ ಮೇಲೆ 305 ನಾಟ್ ಎಂಬ ಗೆರೆ ಹೋಗಿ ಮ್ಯಾಕ್ 0.75, ಅಂದರೆ ಶಬ್ದದ ವೇಗದ ಅದೇ ಮುಕ್ಕಾಲು ಪಾಲು, ಎಂಬ ಗೆರೆ ಬರುತ್ತದೆ. ಫ್ಲ್ಯಾಪ್‌ಗೆ ವೇಗದ ಮಿತಿಯ ಜೊತೆ ಎತ್ತರದ ಮಿತಿಯೂ ಬೇರೆ ಇದೆ. "ಬಿಡಬಾರದು" ಅಂದೆ. ಯಾಕೆ ಅಂತ ಹೇಳುವಾಗ ಮಾತ್ರ ಗಡಿಬಿಡಿಯಲ್ಲಿ ಒಂದು "ಇನ್ನೂರು" ಕನ್ನಡದಲ್ಲೇ ಹೊರಬಿತ್ತು. ಅವರು ಹುಬ್ಬೇರಿಸಿದರು. "ಟೂ ಹಂಡ್ರೆಡ್" ಎಂದು ತಿದ್ದಿಕೊಂಡೆ.

ಕೊನೆಯದು ಅಡ್ಡಗಾಳಿ. "ಅಡ್ಡಗಾಳಿಯ ಲಿಮಿಟೇಶನ್ ಎಷ್ಟು?" ಕೈಪಿಡಿಯಲ್ಲಿ ಒಂದು ಅಂಕಿ ಇದೆ. ಆದರೆ ಅದು ಲಿಮಿಟೇಶನ್ ಅಲ್ಲ. ವಿಮಾನ ಪರೀಕ್ಷೆ ಮಾಡಿದ ದಿನಗಳಲ್ಲಿ ಸಿಕ್ಕ ಗಾಳಿಯಲ್ಲಿ ಇಳಿಸಿ ತೋರಿಸಿದ ಅಂಕಿ ಅದು. ಕನಿಷ್ಠ 20 ನಾಟ್‌ನಲ್ಲಾದರೂ ತೋರಿಸಲೇಬೇಕು ಎಂದು ನಿಯಮ. ಅದಕ್ಕಿಂತ ಜಾಸ್ತಿ ಗಾಳಿಯಲ್ಲಿ ವಿಮಾನ ಇಳಿಯುತ್ತದೋ ಇಲ್ಲವೋ ಎಂದು ಆ ಅಂಕಿ ಹೇಳುವುದಿಲ್ಲ. ಹಾಗೆಂದು ವಿವರಿಸಿದೆ. ಹೊರಗೆ ಕನ್ಸಾಸ್‌ನ ಗಾಳಿಗೆ ಧ್ವಜದ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು. ಪರೀಕ್ಷಕರು ಕಿಟಕಿಯತ್ತ ಒಮ್ಮೆ ನೋಡಿ, "ಸರಿ, ಸಿಮ್ಯುಲೇಟರ್‌ಗೆ ಹೋಗೋಣ" ಅಂದರು.

ಮೂರು ವಾರದ ಮೇಲೆ ಹೊಸ ಲೈಸೆನ್ಸ್ ಕಾರ್ಡ್ ಅಂಚೆಯಲ್ಲಿ ಬಂತು. ಹಿಂದೆ ತಿರುಗಿಸಿದರೆ ರೇಟಿಂಗ್‌ಗಳ ಸಾಲಿನಲ್ಲಿ ಹೊಸದಾಗಿ ಸಿಇ-560ಎಕ್ಸ್‌ಎಲ್ ಸೇರಿದೆ. ಎಕ್ಸ್‌ಎಲ್‌ಎಸ್‌ನ ಟೈಪ್ ರೇಟಿಂಗ್‌ಗೆ ಇರುವ ಹೆಸರು ಅದು. ರೇಟಿಂಗ್‌ಗಳ ಕೆಳಗೆ "ಲಿಮಿಟೇಶನ್ಸ್" ಎಂಬ ತಲೆಬರಹ. ವಿಮಾನಕ್ಕಷ್ಟೇ ಅಲ್ಲ, ಇಲ್ಲಿ ಪೈಲಟ್‌ಗೂ ಲಿಮಿಟೇಶನ್ ಬರೆದು ಕೊಡುತ್ತಾರೆ. ನನ್ನದರಲ್ಲೂ ಒಂದು ಸಾಲು ಇದೆ. ಅಮೆರಿಕದ ಎಲ್ಲ ಪೈಲಟ್‌ಗಳ ಕಾರ್ಡಿನಲ್ಲೂ ಅದು ಅದೇ ಜಾಗದಲ್ಲಿ ಇರುತ್ತದಂತೆ: "ಇಂಗ್ಲಿಷ್ ಪ್ರೊಫಿಶಿಯೆಂಟ್."