ಮುಗಿದುಹೋದ ಪ್ರಾಸೆಸ್‌ಗಳನ್ನು ಹುಡುಕಿಕೊಡುವ ಲಾಸ್ಟ್‌ಕಾಮ್

ಸರ್ವರ್ ನಿಧಾನ ಆಯಿತು ಅಂದ ತಕ್ಷಣ ನಾವೆಲ್ಲ ಮೊದಲು ಟೈಪ್ ಮಾಡುವುದು ಟಾಪ್ ಅಥವಾ ಪಿಎಸ್. ಎರಡೂ ಒಳ್ಳೆಯ ಕಮಾಂಡ್‌ಗಳೇ. ಆದರೆ ಅವು ತೋರಿಸುವುದು ಈಗ ಬದುಕಿರುವ ಪ್ರಾಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ಮಾತ್ರ. ಸ್ವಲ್ಪ ಹೊತ್ತಿನ ಹಿಂದೆ ಓಡಿ ಮುಗಿದದ್ದು ಯಾವುದು ಅಂತ ಕೇಳಿದರೆ ಅವುಗಳ ಹತ್ತಿರ ಉತ್ತರ ಇಲ್ಲ. ಅದಕ್ಕೆ ಬೇಕಾದದ್ದು ಲಾಸ್ಟ್‌ಕಾಮ್. 1979ರ 3ಬಿಎಸ್‌ಡಿ ಅನ್ನುವ ಯುನಿಕ್ಸ್ ಆವೃತ್ತಿಯಲ್ಲೇ ಬಂದ ಹಳೇ ಕಮಾಂಡ್ ಇದು. ಸರ್ವರ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಇದರಷ್ಟು ನೆರವಾದ ಸಣ್ಣ ಟೂಲ್ ಇನ್ನೊಂದಿಲ್ಲ. ಹಾಗಿದ್ದೂ ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಲ್ಲಿ ಇದರ ಹೆಸರು ಕೇಳಿದವರು ತೀರಾ ಕಮ್ಮಿ. ಅದಕ್ಕೇ ಈ ಬರಹ.

ಒಂದು ವಿಷಯ ತಿಳಿದುಕೊಂಡರೆ ಲಾಸ್ಟ್‌ಕಾಮ್ ಪೂರ್ತಿ ಅರ್ಥವಾಗುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ದಾಖಲೆ ಬರೆಯುವುದು ಪ್ರಾಸೆಸ್ ಸಾಯುವಾಗ. ಶುರುವಾದಾಗ ಅಲ್ಲ. ಹೀಗೆ ಲೆಕ್ಕ ಬರೆದಿಡುವ ಅಕೌಂಟಿಂಗ್ ಆನ್ ಇದ್ದರೆ, ಪ್ರತಿ ಪ್ರಾಸೆಸ್ ಮುಗಿದಾಗಲೂ ಕರ್ನಲ್ ಒಂದು ಫೈಲಿನ ಕೊನೆಗೆ ಪುಟ್ಟ ರೆಕಾರ್ಡ್ ಸೇರಿಸುತ್ತದೆ. ಈಗಿನ ಲಿನಕ್ಸ್‌ನಲ್ಲಿ ಅದು 64 ಬೈಟ್. ಕಮಾಂಡಿನ ಹೆಸರು, ಯಾರು ಓಡಿಸಿದರು, ಯಾವ ಟರ್ಮಿನಲ್, ಯಾವಾಗ ಶುರುವಾಯಿತು, ಸಿಪಿಯು ಎಷ್ಟು ತಿಂದಿತು, ಇಷ್ಟೆಲ್ಲ ಅದರಲ್ಲಿದೆ. ಲಾಸ್ಟ್‌ಕಾಮ್ ಆ ಫೈಲನ್ನು ಕೊನೆಯಿಂದ ಹಿಂದಕ್ಕೆ ಓದುತ್ತಾ ಹೋಗುತ್ತದೆ. ಹಾಗಾಗಿ ಈಗಷ್ಟೇ ಮುಗಿದದ್ದು ಮೇಲೆ, ಹಳೆಯದು ಕೆಳಗೆ.

ಮೊದಲ ಸಲ ನೋಡಿದವರಿಗೆ ಗಂಟೆಗಳು ಹಿಂದೆಮುಂದೆ ಆದಂತೆ ಕಾಣುತ್ತದೆ. ಸಾಲು ನಿಂತಿರುವುದು ಮುಗಿದ ಕ್ರಮದಲ್ಲಿ, ಪಕ್ಕದಲ್ಲಿ ಬರೆದಿರುವುದು ಶುರುವಾದ ಸಮಯ! ಮೂರು ಗಂಟೆ ಓಡಿದ ಬ್ಯಾಕಪ್ ಸ್ಕ್ರಿಪ್ಟ್, ಅದೇ ಹುಟ್ಟಿಸಿದ ಸಣ್ಣಪುಟ್ಟ ಕಮಾಂಡ್‌ಗಳಿಗಿಂತ ಮೇಲೆ ಕೂತಿರುತ್ತದೆ. ಅದರ ಗಂಟೆ ಮಾತ್ರ ಅವಕ್ಕಿಂತ ಹಿಂದಿನದು.

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ರಾತ್ರಿ ಎರಡು ಗಂಟೆ ಸುಮಾರಿಗೆ ದಿನಾ ತೆವಳುತ್ತಿತ್ತು. ಲೋಡ್ ಏರಿರುತ್ತಿತ್ತು. ಟಾಪ್ ನೋಡಿದರೆ ಸಿಪಿಯು ತಿನ್ನುವ ದೊಡ್ಡ ಪ್ರಾಸೆಸ್ ಒಂದೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಹುಟ್ಟಿ ಸಾಯುವ ಪ್ರಾಸೆಸ್‌ಗಳು, ಕೆಲವು ಸೆಕೆಂಡಿಗೊಮ್ಮೆ ಮಾತ್ರ ನೋಡುವ ಟಾಪ್ ಕೈಗೆ ಸಿಗುವುದಿಲ್ಲ ಅಲ್ವಾ? ಬೆಳಿಗ್ಗೆ ಲಾಸ್ಟ್‌ಕಾಮ್ ಓಡಿಸಿದೆ. ಎರಡು ಗಂಟೆಯ ಹತ್ತಿರ ಪರದೆ ತುಂಬಾ ಒಂದೇ ರೀತಿಯ ಸಾಲುಗಳು: ಆಕ್, ಆಕ್, ಆಕ್. ಫೈಲಿನ ಸಾಲುಗಳಿಂದ ಬೇಕಾದ್ದನ್ನು ಹೆಕ್ಕಿಕೊಡುವ ಕಮಾಂಡ್ ಅದು. ಸಿಪಿಯು ಎಲ್ಲದಕ್ಕೂ 0.00 ಸೆಕೆಂಡ್. ಟರ್ಮಿನಲ್ ಇರಬೇಕಾದ ಕಡೆ ಎರಡು ಅಡಿಗೆರೆ, ಅಂದರೆ ಮನುಷ್ಯರು ಟೈಪ್ ಮಾಡಿದ್ದಲ್ಲ, ನಿಗದಿತ ಹೊತ್ತಿಗೆ ತಾನಾಗೇ ಓಡುವ ಕ್ರಾನ್ ಕೆಲಸ ಇರಬೇಕು. ಹೆಸರಿನ ಕಾಲಮ್ ಮಾತ್ರ ತೆಗೆದು ಸಾರ್ಟ್‌ಗೆ, ಆಮೇಲೆ ಎಣಿಸಿಕೊಡಲು ಯುನೀಕ್‌ಗೆ ಕೊಟ್ಟೆ. ಒಂದೇ ರಾತ್ರಿಯಲ್ಲಿ ಸಾವಿರಾರು ಆಕ್.

ಇವನ್ನೆಲ್ಲ ಓಡಿಸಿದ್ದು ಯಾರು? ಆ ಸುಳಿವೂ ಅಲ್ಲೇ ಇತ್ತು. ಪ್ರತಿ ಆಕ್ ಸಾಲಿನ ಮೇಲೆ, ಒಂದು ರಿಪೋರ್ಟ್ ಸ್ಕ್ರಿಪ್ಟಿನ ಹೆಸರು ‘ಎಫ್’ ಗುರುತಿನ ಜೊತೆ ನಿಂತಿತ್ತು. ಫೋರ್ಕ್ ಆಯಿತು (ತಾಯಿ ಪ್ರಾಸೆಸ್‌ನ ನಕಲಾಗಿ ಹುಟ್ಟಿತು), ಆದರೆ ಬೇರೆ ಪ್ರೋಗ್ರಾಮ್ ಆಗಿ ಬದಲಾಗಲಿಲ್ಲ ಅಂತ ಆ ‘ಎಫ್’ ಹೇಳುತ್ತದೆ. ಶೆಲ್ ಸ್ಕ್ರಿಪ್ಟ್ ತನ್ನ ಕೆಲಸಕ್ಕೆ ಸಬ್‌ಶೆಲ್, ಅಂದರೆ ಮರಿ ಶೆಲ್, ಹುಟ್ಟಿಸಿದಾಗ ಕಾಣುವ ಗುರುತು ಅದು. ‘--ಪಿಐಡಿ’ ಆಪ್ಷನ್ ಹಾಕಿದರೆ ಪ್ರಾಸೆಸ್ ನಂಬರ್, ಅದರ ತಾಯಿಯ ನಂಬರ್ ಎರಡೂ ಬರುತ್ತವೆ. ಆಕ್‌ನ ತಾಯಿ ಮೇಲಿನ ಸಾಲಿನ ಸಬ್‌ಶೆಲ್ಲೇ. ಸ್ಕ್ರಿಪ್ಟ್ ತೆರೆದರೆ, ದೊಡ್ಡ ಫೈಲಿನ ಒಂದೊಂದು ಸಾಲಿಗೂ ಒಂದೊಂದು ಆಕ್ ಕರೆಯುವ ಲೂಪ್. ಇಡೀ ಫೈಲನ್ನು ಒಂದೇ ಆಕ್ ಓದುವ ಹಾಗೆ ಬದಲಾಯಿಸಿದೆವು.

ಇನ್ನುಳಿದ ಗುರುತುಗಳನ್ನೂ ಹೇಳಿಬಿಡುತ್ತೇನೆ. ‘ಎಸ್’ ಇದ್ದರೆ ಸೂಪರ್‌ಯೂಸರ್ ಅಧಿಕಾರ ಬಳಸಿದೆ. ‘ಡಿ’ ಇದ್ದರೆ ಕೋರ್ ಡಂಪ್ (ಸಾಯುವಾಗಿನ ಮೆಮೊರಿಯ ನಕಲು) ಬಿಟ್ಟು ಸತ್ತಿದೆ. ‘ಎಕ್ಸ್’ ಇದ್ದರೆ ಸಿಗ್ನಲ್ (ಪ್ರಾಸೆಸ್‌ಗೆ ಕರ್ನಲ್ ಮುಟ್ಟಿಸುವ ಸೂಚನೆ) ಬಂದು ಸತ್ತಿದೆ. ‘ನನ್ನ ಪ್ರೋಗ್ರಾಮ್ ತಾನಾಗೇ ನಿಂತುಹೋಯಿತು’ ಅಂತ ಯಾರಾದರೂ ಬಂದಾಗ ನಾನು ಮೊದಲು ಹುಡುಕುವುದು ಈ ‘ಎಕ್ಸ್’.

ಹುಡುಕುವುದೂ ಸುಲಭ. ಲಾಸ್ಟ್‌ಕಾಮ್ ಮುಂದೆ ಕಮಾಂಡ್, ಯೂಸರ್, ಟರ್ಮಿನಲ್ ಯಾವುದರ ಹೆಸರು ಬೇಕಾದರೂ ಕೊಡಬಹುದು. ಒಬ್ಬ ಯೂಸರ್‌ಗೂ ಒಂದು ಕಮಾಂಡಿಗೂ ಒಂದೇ ಹೆಸರಿದ್ದರೆ? ಅದಕ್ಕೇ ‘--ಯೂಸರ್’, ‘--ಕಮಾಂಡ್’ ಅಂತ ಬೇರೆ ಬೇರೆ ಇವೆ. ಕೊಟ್ಟ ಎಲ್ಲ ಷರತ್ತೂ ಹೊಂದಲೇಬೇಕು ಅಂದರೆ ‘--ಸ್ಟ್ರಿಕ್ಟ್-ಮ್ಯಾಚ್’.

ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿ ಇಡುವ ಶೆಲ್ ಹಿಸ್ಟರಿ ಇದೆಯಲ್ಲ, ಇದು ಯಾಕೆ ಅಂತ ಕೇಳುತ್ತಾರೆ. ಹಿಸ್ಟರಿಯನ್ನು ಅದರ ಯೂಸರ್ರೇ ಅಳಿಸಬಹುದು. ಕ್ರಾನ್ ಓಡಿಸಿದ್ದು ಅದರಲ್ಲಿ ಬರುವುದಿಲ್ಲ, ಸ್ಕ್ರಿಪ್ಟಿನ ಒಳಗಿನ ಕಮಾಂಡ್‌ಗಳೂ ಬರುವುದಿಲ್ಲ. ಮೇಲಿನ ಆಕ್ ಒಂದೂ ಯಾರ ಹಿಸ್ಟರಿಯಲ್ಲೂ ಸಿಗುತ್ತಿರಲಿಲ್ಲ.

ಇದರ ಮಿತಿಗಳೂ ಗೊತ್ತಿರಬೇಕು. ಆರ್ಗ್ಯುಮೆಂಟ್‌ಗಳು, ಅಂದರೆ ಕಮಾಂಡ್ ಜೊತೆ ಕೊಡುವ ಫೈಲ್ ಹೆಸರು, ಆಪ್ಷನ್ ಇತ್ಯಾದಿ, ದಾಖಲಾಗುವುದಿಲ್ಲ. ಆರ್‌ಎಂ ಓಡಿತು ಅಂತ ಗೊತ್ತಾಗುತ್ತದೆ, ಯಾವ ಫೈಲ್ ಅಳಿಸಿತು ಅಂತ ಗೊತ್ತಾಗುವುದಿಲ್ಲ. ಅದು ಬೇಕಿದ್ದರೆ ಆಡಿಟ್‌ಡಿ ಅನ್ನುವ ಬೇರೆ ಟೂಲ್ ಕಡೆ ಹೋಗಬೇಕು. ಲಿನಕ್ಸ್‌ನಲ್ಲಿ ಕಮಾಂಡಿನ ಹೆಸರು 15 ಅಕ್ಷರಕ್ಕೆ ತುಂಡಾಗುತ್ತದೆ, ಪೂರ್ತಿ ಪಾತ್ ಇರುವುದಿಲ್ಲ. ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದರೆ ಸ್ಕ್ರಿಪ್ಟಿನ ಹೆಸರೇ ಬರುತ್ತದೆ, ‘ಬ್ಯಾಶ್’ ಮುಂದೆ ಹೆಸರು ಕೊಟ್ಟು ಓಡಿಸಿದರೆ ಬರೀ ಬ್ಯಾಶ್ ಅಂತ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಇನ್ನೂ ಓಡುತ್ತಿರುವ ಡೇಟಾಬೇಸ್ ಸರ್ವರ್ ಇಲ್ಲಿ ಇರುವುದೇ ಇಲ್ಲ. ಮಷಿನ್ ಪವರ್ ಹೋಗಿ ನಿಂತರೆ, ಆ ಕ್ಷಣ ಓಡುತ್ತಿದ್ದ ಯಾವುದಕ್ಕೂ ರೆಕಾರ್ಡ್ ಇಲ್ಲ. ಸಾವನ್ನು ಬರೆಯಲು ಕರ್ನಲ್ಲೇ ಉಳಿದಿರಲಿಲ್ಲವಲ್ಲ.

ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ಎಸಿಸಿಟಿ, ರೆಡ್‌ಹ್ಯಾಟ್ ಕುಟುಂಬದಲ್ಲಿ ಪಿಎಸ್‌ಎಸಿಸಿಟಿ. ಬರೆಯುವುದನ್ನು ಶುರು ಮಾಡುವ, ನಿಲ್ಲಿಸುವ ಕಮಾಂಡ್ ಅಕ್ಟ್‌ಆನ್. ಆನ್ ಮಾಡುವುದಕ್ಕೆ ಮೊದಲು ನಡೆದದ್ದು ಯಾವುದೂ ಸಿಗುವುದಿಲ್ಲ. ಅದಕ್ಕೇ ಹೊಸ ಸರ್ವರ್ ಕೈಗೆ ಬಂದ ದಿನವೇ ನಾನು ಇದನ್ನು ಹಾಕಿಬಿಡುತ್ತೇನೆ. ಡಿಸ್ಕ್ ತುಂಬುತ್ತದೆ ಅನ್ನುವವರಿಗೆ ಒಂದು ಲೆಕ್ಕ: 10 ಲಕ್ಷ ಪ್ರಾಸೆಸ್ ಮುಗಿದರೂ ಸುಮಾರು 64 ಎಂಬಿ. ಲಿನಕ್ಸ್‌ನಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ, ಖಾಲಿ ಜಾಗ 2 ಪರ್ಸೆಂಟಿಗೆ ಇಳಿದಾಗ ಕರ್ನಲ್ ತಾನೇ ಬರೆಯುವುದನ್ನು ನಿಲ್ಲಿಸಿ, 4 ಪರ್ಸೆಂಟ್ ಆದಾಗ ಮತ್ತೆ ಶುರು ಮಾಡುತ್ತದೆ. ಆ ನಡುವೆ ಸತ್ತವು ಪಟ್ಟಿಯಲ್ಲಿ ಇರುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ದಾಖಲೆ ಫೈಲ್ ರೊಟೇಟ್ ಆಗಿ (ಹಳೆಯದು ಬದಿಗೆ ಹೋಗಿ ಹೊಸದು ಶುರುವಾಗಿ) ಜಿಜಿಪ್‌ನಿಂದ ಕುಗ್ಗಿಸಲ್ಪಟ್ಟಿದ್ದರೆ ಸುಮ್ನೆ ಬಿಚ್ಚಿ, ‘-ಎಫ್’ ಆಪ್ಷನ್ ಜೊತೆ ಲಾಸ್ಟ್‌ಕಾಮ್‌ಗೆ ಕೊಟ್ಟರೆ ಆಯಿತು. ಆ ರಿಪೋರ್ಟ್ ಸ್ಕ್ರಿಪ್ಟ್ ಬದಲಾಯಿಸಿದ ಮೇಲೂ ನಾನು ಹೀಗೇ ಎರಡು ರಾತ್ರಿಯ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹೊಸ ಫೈಲಿನಲ್ಲಿ ಆ ಯೂಸರ್ ಹೆಸರಿನಲ್ಲಿ ಇದ್ದದ್ದು ಒಂದೇ ಆಕ್. ಸಿಪಿಯು ಕಾಲಮ್‌ನಲ್ಲಿ ಈ ಸಲ ಸೊನ್ನೆ ಇರಲಿಲ್ಲ.