ಎರಡು ಸಲ ತೊಳ್ದಿದೀನಿ ಕಣೋ

ಭಾನುವಾರದಿಂದ ಈ ಒಂದು ಮಾತು ತಲೇಲಿ ಗಿರಗಿರ ಸುತ್ತುತ್ತಾನೇ ಇದೆ. "ಎರಡು ಸಲ ತೊಳ್ದಿದೀನಿ ಕಣೋ." ಹೇಳಿದ್ದು ನಮ್ಮ ಚಿಕ್ಕಪ್ಪ, ಸಾರಿನ ಸೌಟಿನ ಬಗ್ಗೆ.

ಚಿಕ್ಕಪ್ಪಂದು ಕೋಲಾರ ಬೈಪಾಸ್ ಹತ್ರ ಟೈರ್ ಅಂಗಡಿ. ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿಂದ ಕಿತ್ತ, ಚಕ್ರ ಅದುರದಂಗೆ ಹಾಕಿರೋ ಹಳೇ ವೇಯ್ಟ್‌ಗಳನ್ನ ಒಂದು ಪೇಂಟ್ ಬಕೆಟ್ಟಿಗೆ ಎಸೀತಾ ಹೋಗ್ತಾರೆ, ಜೊತೆಗೆ ವಾಲ್ವ್ ತುಂಡು ಬೀಡಿ ಮೋಟು ಗುಟ್ಕಾ ಚೀಟಿ ಎಲ್ಲಾ ಅದಕ್ಕೇ. ಬಕೆಟ್ ತುಂಬಿದ್ರೆ ಮನೆ ಹಿತ್ತಲಲ್ಲಿ ಕರಗಿಸಿ ಸೀಸದ ಗಟ್ಟಿ ಮಾಡೋದು. ಅಮೆರಿಕದಲ್ಲಿ ಇದೇ ವೇಯ್ಟ್ ಕರಗಿಸಿ ಬಂದೂಕಿನ ಗುಂಡು ಹುಯ್ಯೋರ ವಿಡಿಯೋ ಯೂಟ್ಯೂಬಲ್ಲಿ ರಾಶಿ ಇದೆ. ನಮ್ಮ ಸೀಸ ಹೋಗೋದು ಬೀಸು ಬಲೆ ಅಂಚಿಗೆ ಕಟ್ಟೋ ಗುಂಡಿಗೆ. ಕೋಲಾರದಲ್ಲಿ ಬಲೆನಾ ಅಂತ ನಗಬೇಡಿ, ನಾವು ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದೋರೇ, ಆದ್ರೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಚ್ಚೆ ಶುದ್ಧ ಮಾಡಿ ಬಿಡೋ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಒಂದರ ಹಿಂದೆ ಒಂದು ಕೆರೆ ತುಂಬಿ ಈಗ ಮೀನು ಹಿಡಿಯೋರು, ಬಲೆ ಮಾಡೋರು ಎಲ್ಲಾ ಇದಾರೆ.

ನನಗೆ ಕೊಟ್ಟ ಕೆಲಸ ಆರಿಸೋದು. ಈಗಿನ ವೇಯ್ಟ್ ಎಲ್ಲಾ ಸೀಸ ಅಲ್ಲ, ಅರ್ಧಕ್ಕರ್ಧ ಕಬ್ಬಿಣ, ಮಧ್ಯೆ ಜಿಂಕೂ ಸೇರ್ಕೊಂಡಿರುತ್ತೆ. ಕೆಲವದರ ಮೇಲೆ ಜೆಡ್ ಎನ್ (ಜಿಂಕ್), ಎಫ್ ಇ (ಕಬ್ಬಿಣ) ಅಂತ ಅಚ್ಚಿರುತ್ತೆ, ಇಲ್ಲಾಂದ್ರೆ ಕಟಿಂಗ್ ಪ್ಲೇಯರಲ್ಲಿ ಕಚ್ಚಿ ನೋಡ್ಬೇಕು, ಸೀಸ ಆದ್ರೆ ಬೆಣ್ಣೆ ಥರ ಹಲ್ಲು ಇಳಿಯುತ್ತೆ, ಜಿಂಕ್ ಜಪ್ಪಯ್ಯ ಅನ್ನಲ್ಲ. ಸೀಸ 327 ಡಿಗ್ರಿಗೆ ಕರಗುತ್ತೆ, ಜಿಂಕಿಗೆ 419 ಬೇಕು, ಅದಕ್ಕೇ ಉರಿ ಹದವಾಗಿದ್ರೆ ತಪ್ಪಿ ಬಿದ್ದ ಜಿಂಕ್ ಮೇಲೆ ತೇಲ್ತಾ ಇರುತ್ತೆ, ಎತ್ತಿ ಹಾಕಬಹುದು. ಉರಿ ಜಾಸ್ತಿ ಆಗಿ ಅದೂ ಸೇರ್ಕೊಂತೋ ಮುಗೀತು, ರಾಗಿ ಗಂಜಿ ಥರ ಗಂಟು ಗಂಟಾಗಿ ಅಚ್ಚಿಗೆ ಇಳಿಯೋದೇ ಇಲ್ಲ. ಇನ್ನೊಂದು, ಕ್ಲಿಪ್ ಇರೋ ವೇಯ್ಟಲ್ಲಿ ಆಂಟಿಮನಿ ಅನ್ನೋ ಇನ್ನೊಂದು ಲೋಹ ಸೇರಿರೋದ್ರಿಂದ ಸೀಸ ಗಟ್ಟಿ, ಬಂದೂಕಿನೋರಿಗೆ ಅದೇ ಬೇಕಂತೆ. ಬಲೆಯೋರಿಗೆ ಅದು ಬೇಡ, ಹಗ್ಗದ ಸುತ್ತ ಮಡಚಿದ್ರೆ ಬಿರುಕು ಬಿಡುತ್ತೆ ಅಂತ ಗೊಣಗ್ತಾರೆ, ಅವರಿಗೆ ಅಂಟಿಸೋ ಪಟ್ಟಿಯ ಮೆತ್ತನೆ ಸೀಸವೇ ಆಗ್ಬೇಕು.

ಒಲೆ ಮೇಲೆ ಹಳೇ ಕಬ್ಬಿಣದ ಬಾಣಲೆ. ಮೊದಲು ಏನೂ ಆಗಲ್ಲ, ಬೂದು ಕಲ್ಲಿನ ರಾಶಿ ಥರ ಕೂತಿರುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ತಳದಲ್ಲಿ ಕನ್ನಡಿ ಹೊಳೆದಂಗೆ ಹೊಳೆದು ಒಂದೊಂದೇ ವೇಯ್ಟ್ ಮುಳುಗಿ ಬರೀ ಕ್ಲಿಪ್ಪುಗಳು ತೇಲೋಕೆ ಶುರು. ಅದನ್ನ ಜಾಲರಿಲಿ ತೆಗೆದು, ಒಂದು ಮೇಣದಬತ್ತಿ ತುಂಡು ಹಾಕಿದ್ರೆ ಭಗ್ ಅಂತ ಉರಿ ಹತ್ತಿ ಹೊಗೆ, ತಿರುವಿದ್ರೆ ಕಿಟ್ಟ ಎಲ್ಲ ಬೂದಿ ಥರ ಮೇಲೆ ಬರುತ್ತೆ. ಅಚ್ಚು ಯಾವುದು ಗೊತ್ತಾ, ತೂತಿಲ್ಲದ ಹಳೇ ಅಲ್ಯೂಮಿನಿಯಂ ಇಡ್ಲಿ ತಟ್ಟೆ. ಒಂದೊಂದು ಇಡ್ಲಿ ಅರ್ಧ ಕೆಜಿ ಹತ್ರ ತೂಗುತ್ತೆ.

ನಾಲ್ಕು ಇಡ್ಲಿ ಹುಯ್ಯೋಷ್ಟರಲ್ಲಿ ಹುಯ್ಯೋ ಸೌಟಿನ ಹಿಡಿ ಮುರೀತು. ಚಿಕ್ಕಪ್ಪ ಒಳಗೆ ಹೋಗಿ ಅಡುಗೆಮನೆಯಿಂದ ಸ್ಟೀಲ್ ಸೌಟು ತಂದ್ರು. ಆಗಷ್ಟೇ ತೊಳೆದಿಟ್ಟಿದ್ದು, ಒದ್ದೆ. ಅದ್ದಿದ್ದೇ ತಡ ಚಟಾರ್ ಅಂತ ಸಿಡೀತು. ನೀರು ಆವಿ ಆದ್ರೆ ಸಾವಿರದ ಆರ್ನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತೆ ಅಂತ ಐಟಿಐಲಿ ಬರೆದು ಮಾರ್ಕ್ಸ್ ತಗೊಂಡೋನು ನಾನು, ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದೆ. ಹನಿಗಳು ಚಿಕ್ಕಪ್ಪನ ಹವಾಯಿ ಚಪ್ಪಲಿ ಮೇಲೆ ಬಿದ್ದು ತೂತಾಯ್ತು, ಕಾಲು ಉಳೀತು. ಅವರು ನಕ್ಕರು. ಚಿಕ್ಕಪ್ಪ ಒಳ್ಳೇ ಮನುಷ್ಯ, ಯಾರಿಗೂ ಪಂಚರ್ ಕಾಸಲ್ಲಿ ಮೋಸ ಮಾಡಿದೋರಲ್ಲ, ಆದ್ರೆ ಅಪಾಯ ತಪ್ಪಿದ್ರೆ ಅದು ತನ್ನ ಜಾಣತನ ಅಂದ್ಕೊಳ್ಳೋ ಜಾತಿ.

ಮಧ್ಯಾಹ್ನ ಮುದ್ದೆ, ಬಸ್ಸಾರು. ಎರಡನೇ ಸಲ ಸಾರು ಹಾಕಿಸ್ಕೋತಾ ಇದೀನಿ, ಚಿಕ್ಕಮ್ಮನ ಕೈಲಿರೋ ಸೌಟು ನೋಡಿದೆ. ಹಿಡಿ ಸೇರೋ ಜಾಗದಲ್ಲಿ, ರಿವೆಟ್ ಸುತ್ತ, ಉಗುರಷ್ಟು ಬೂದು ಬಣ್ಣ ಮೆತ್ಕೊಂಡಿದೆ. ಪಕ್ಕದಲ್ಲಿ ಅವರ ಮೊಮ್ಮಗಳು, ಆರು ವರ್ಷ, ಅದೇ ಸಾರು ಕಲಸ್ಕೊಂಡು ತಿಂತಾ ಇದೆ.

"ಚಿಕ್ಕಪ್ಪ, ಇದು ಆ ಸೌಟಲ್ವಾ?"

"ಎರಡು ಸಲ ತೊಳ್ದಿದೀನಿ ಕಣೋ. ಪೌಡರ್ ಹಾಕಿ ಉಜ್ಜಿದೀನಿ."

ಚಿಕ್ಕಮ್ಮ ತೆಲುಗಲ್ಲಿ ಒಂದು ಬೈದ್ರು, ಪಾತ್ರೆ ಎತ್ಕೊಂಡು ಹೋಗಿ ಸಾರೆಲ್ಲ ಮೋರಿಗೆ ಸುರಿದ್ರು. ಸೀಸ ಅಂದ್ರೇನು ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿದ್ದು ನನಗೆ, ಯಾಕಂದ್ರೆ ಸೌಟು ಒಳಗಿಂದ ಬಂದಾಗ ನೋಡಿದೋನು ನಾನೇ, ವಾಪಸ್ ಎಲ್ಲಿ ಹೋಯ್ತು ಅಂತ ಕೇಳಲಿಲ್ಲ. ರಾತ್ರಿ ಮೊಬೈಲಲ್ಲಿ ಓದ್ತಾ ಕೂತೆ. ಇಷ್ಟು ಸೀಸ ಪರವಾಗಿಲ್ಲ ಅನ್ನೋ ಲೆಕ್ಕವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಹೊಟ್ಟೆಗೆ ಹೋದ ಸೀಸನ ಮಕ್ಕಳ ಮೈ ದೊಡ್ಡೋರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರ್ಕೊಳ್ಳುತ್ತಂತೆ. ಹೊಗೆ ಅಷ್ಟೇ ಅಲ್ಲ, ಆ ಕಿಟ್ಟದ ಪುಡೀನೂ ಕೆಟ್ಟದ್ದು, ಕೈಗೆ ಮೆತ್ಕೊಂಡು ಬಾಯಿಗೆ ಹೋಗೋದು. ಬೆಳಿಗ್ಗೆ ಆ ಮಗು ನೆಲಕ್ಕೆ ಬಿದ್ದ ಹನಿಗಳನ್ನ "ಬೆಳ್ಳಿ ಬೆಳ್ಳಿ" ಅಂತ ಆರಿಸ್ಕೊಂಡು ಫ್ರಾಕ್ ಜೇಬಿಗೆ ಹಾಕ್ಕೊಂಡಿದ್ದೂ ಆಗ್ಲೇ ನೆನಪಾಯ್ತು. ಫೋನ್ ಮಾಡಿ ಚಿಕ್ಕಮ್ಮಂಗೆ ಹೇಳಿದೆ, ರಕ್ತ ಪರೀಕ್ಷೆ ಮಾಡಿಸೋಣ ಅಂತಾನೂ ಅಂದೆ.

ತಮಾಷೆ ಏನಪ್ಪಾ ಅಂದ್ರೆ ಟೀ ಅಂಗಡೀಲಿ ಕೆ.ಸಿ. ವ್ಯಾಲಿ ಮಾತು ಬಂದ್ರೆ ಎಲ್ಲರಿಗಿಂತ ಜೋರಾಗಿ ಕೂಗೋರು ಇದೇ ಚಿಕ್ಕಪ್ಪ. ಬೆಂಗಳೂರಿನ ಕೊಚ್ಚೆ ಎರಡು ಹಂತ ತೊಳೆದು ನಮಗೆ ಬಿಡ್ತಾರಾ, ಮೂರನೇ ಹಂತ ಮಾಡಿ ಕೊಡ್ಲಿ, ನಾವೇನು ಮನುಷ್ಯರಲ್ವಾ ಅಂತ. ಅವರು ಕೇಳೋದ್ರಲ್ಲಿ ತಪ್ಪೇನಿಲ್ಲ, ನಾನೂ ಅದನ್ನೇ ಕೇಳ್ತೀನಿ. ಆದ್ರೆ ಅದೇ ಕೆರೆಗೆ ನಮ್ಮ ಹಿತ್ತಲಿಂದ ಗುಂಡು ಹೋಗುತ್ತೆ, ಬಲೆ ಹರಿದಾಗಲೆಲ್ಲ ನಾಲ್ಕು ಉದುರಿ ತಳದಲ್ಲಿ ಕೂರುತ್ತೆ, ಅದಕ್ಕೆ ಹಂತಾನೂ ಇಲ್ಲ ಏನೂ ಇಲ್ಲ. ಇದನ್ನ ಅವರ ಎದುರಿಗೆ ಹೇಳೋ ಧೈರ್ಯ ಬರಲಿಲ್ಲ, ಯಾಕಂದ್ರೆ ಇಡ್ಲಿ ಮಾರಿದ ದುಡ್ಡಲ್ಲಿ ನನ್ನ ಐಟಿಐ ಫೀಸಿಗೂ ಒಂದಷ್ಟು ಹೋಗಿದೆ.

ಸೌಟು ಮಾತ್ರ ಭಾನುವಾರಾನೇ ಕವರಲ್ಲಿ ಸುತ್ತಿ ತಂದ್ಬಿಟ್ಟೆ. ಬೈಕ್ ಡಿಕ್ಕೀಲಿದೆ. ಗುಜರಿಗೆ ಹಾಕಿದ್ರೆ ಯಾರ ಮನೆ ಸೇರುತ್ತೋ ಗೊತ್ತಿಲ್ಲ.

ನಿನ್ನೆ ಸಂಜೆ ಚಿಕ್ಕಪ್ಪನ ಫೋನು. "ನಿಮ್ ಚಿಕ್ಕಮ್ಮಂಗೆ ಹೊಸ ಸೌಟು ತಂದ್ಕೊಟ್ಟೆ ಕಣೋ. ಹಳೇದು ನಿನ್ ಹತ್ರ ಐತಂತಲ್ಲ, ಬರೋವಾಗ ತಗಂಬಾ. ಇನ್ನು ಅದು ನಂದೇ ಅಲ್ವಾ."